ನಾಲ್ಕು ಪಟ್ಟು ವೇಗದಲ್ಲಿ ನೋಡಿದ್ದು

ಪರೀಕ್ಷೆ ಬರೆಯುವವರ ಮುಖ ನೋಡುವುದು ನನ್ನ ಕೆಲಸವಾಗಿತ್ತು. ದೂರಶಿಕ್ಷಣದಲ್ಲಿ ಓದುವ ಎಷ್ಟೋ ಜನ ಈಗ ಮನೆಯಲ್ಲೇ ಮೊಬೈಲಿನ ಮುಂದೆ ಕುಳಿತು ಪರೀಕ್ಷೆ ಬರೆಯುತ್ತಾರೆ. ಬರೆಯುವಷ್ಟು ಹೊತ್ತೂ ಕ್ಯಾಮೆರಾ ಅವರನ್ನು ಚಿತ್ರೀಕರಿಸುತ್ತಿರುತ್ತದೆ. ಆ ವಿಡಿಯೋವನ್ನು ಮೊದಲು ಒಂದು ಸಾಫ್ಟ್‌ವೇರ್ ನೋಡುತ್ತದೆ. ಕಣ್ಣು ಪರದೆ ಬಿಟ್ಟು ಆಚೆ ಹೋದರೆ, ತುಟಿ ಅಲ್ಲಾಡಿದರೆ, ಇನ್ನೊಂದು ಮುಖ ಇಣುಕಿದರೆ, ಕೈಗೆ ಏನಾದರೂ ವಸ್ತು ಬಂದರೆ ಅಲ್ಲಿ ಗುರುತು ಹಾಕುತ್ತದೆ. ಗುರುತು ಬಿದ್ದ ತುಣುಕುಗಳು ನಾಸಿಕದ ಸಾತಪುರದಲ್ಲಿರುವ ನಮ್ಮ ಆಫೀಸಿಗೆ ಬರುತ್ತಿದ್ದವು. ಯಾವ ಸಂಸ್ಥೆಯ ಪರೀಕ್ಷೆ, ಯಾವ ವಿಷಯ ಎಂಬುದು ನಮಗೆ ಕಾಣುತ್ತಿರಲಿಲ್ಲ. ಒಂದು ಸಂಖ್ಯೆ, ಒಂದು ಮುಖ, ಕೆಳಗೆ ಮೂರು ಬಟನ್, ಅಷ್ಟೆ.

ಹಸಿರು ಒತ್ತಿದರೆ ತಪ್ಪಿಲ್ಲ. ಕೆಂಪು ಒತ್ತಿದರೆ ನಕಲು, ಆ ಪತ್ರಿಕೆ ರದ್ದು. ಹಳದಿ ಒತ್ತಿದರೆ ಸಂಶಯ ಎಂದರ್ಥ, ತುಣುಕು ಮೇಲಿನವರ ಬಳಿ ಹೋಗುತ್ತದೆ. ಹಳದಿ ಜಾಸ್ತಿಯಾದರೆ ಮೇಲಿನವರು ನಮ್ಮನ್ನು ಕರೆದು, ನಿರ್ಧಾರ ಮಾಡಲು ಬರದಿದ್ದರೆ ಇಲ್ಲಿ ಏಕೆ ಕುಳಿತಿದ್ದೀರಿ ಎಂದು ಕೇಳುತ್ತಿದ್ದರು. ಹಾಗಾಗಿ ಹಳದಿ ಇದ್ದೂ ಇಲ್ಲದಂತಿತ್ತು. ತುಣುಕುಗಳನ್ನು ನಾವು ನಾಲ್ಕು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆವು. ಶಬ್ದದ ಗುರುತು ಬಿದ್ದಿದ್ದರೆ ಮಾತ್ರ ಹೆಡ್‌ಫೋನ್ ಹಾಕಬೇಕು, ಉಳಿದವಕ್ಕೆ ಧ್ವನಿ ಬಂದ್. ಇದು ಯಾರೂ ಬರೆದಿಟ್ಟ ನಿಯಮವಲ್ಲ. ದಿನದ ಕೋಟಾ ಮುಗಿಸಲು ಎಲ್ಲರೂ ಹಾಗೆ ಮಾಡುತ್ತಿದ್ದರು, ಹೊಸಬರಿಗೆ ಹಾಗೆಯೇ ಕಲಿಸುತ್ತಿದ್ದೆವು.

ಆ ಕೆಲಸದಲ್ಲಿ ನಾನು ಪಳಗಿದವನು. ಸುಳ್ಳು ವಿನಯ ಬೇಡ, ಒಳ್ಳೆಯ ಹೆಸರಿತ್ತು. ಕ್ಯಾಮೆರಾದ ಸುತ್ತ ಅಂಟಿಸಿಕೊಂಡ ಚೀಟಿಯನ್ನು ಕಣ್ಣಿನ ಓಡಾಟದಲ್ಲೇ ಹಿಡಿಯುತ್ತಿದ್ದೆ. ಕಣ್ಣು ಆಚೆ ಹೋದದ್ದಕ್ಕಷ್ಟೇ ಗುರುತು ಬಿದ್ದ ಒಂದು ತುಣುಕಿನಲ್ಲಿ, ಸೊಳ್ಳೆಪರದೆಯ ಹಿಂದೆ ನಿಂತು ಗಂಡನಿಗೆ ಬೆರಳಿನಲ್ಲಿ ಉತ್ತರ ಹೇಳುತ್ತಿದ್ದ ಒಬ್ಬ ಹೆಂಡತಿಯನ್ನು ಸಾಫ್ಟ್‌ವೇರ್ ಸೊಳ್ಳೆಪರದೆ ಎಂದೇ ತಿಳಿದಿತ್ತು, ನಾನು ಹಿಡಿದೆ. ಆ ದಿನ ಪರಿಶೀಲಕರ ಇಡೀ ಸಾಲಿಗೆ ನಾನು ಹಿಡಿದ ತುಣುಕು ತೋರಿಸಿದರು. ನಾನೂ ಉಬ್ಬಿಹೋದೆ. ನಾಸಿಕದ ಹತ್ತಿರದ ಓಝರ್‌ನಲ್ಲಿರುವ ಮನೆಗೆ ಹೋಗಿ ಅವ್ವನಿಗೆ ಹೇಳಿದರೆ, "ಆ ಹೆಣ್ಣಮಗಳ ಗಂಡ ಪಾಸ್ ಆಗ್ಲಿಲ್ಲೇನೋ ಹಂಗಾದ್ರ?" ಎಂದು ಕೇಳಿದಳು. ನಾನು ನಕ್ಕೆ.

ಅವ್ವನ ವಿಷಯ ಇಲ್ಲಿ ಹೇಳಲೇಬೇಕು. ನಾವು ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವರು. ಅಪ್ಪ ಓಝರ್‌ನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾನು ಬೆಳೆದದ್ದು ಅಲ್ಲಿಯೇ. ಅವ್ವ ಇಂದಿಗೂ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿರುವ ಇಷ್ಟಲಿಂಗವನ್ನು ಬಿಚ್ಚಿ, ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾಳೆ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅದನ್ನೇ ನೋಡುತ್ತ ಏನೋ ಗುನುಗುತ್ತಾಳೆ. ಆಮೇಲೆ ಲಿಂಗಕ್ಕೆ ಎರೆದ ನೀರನ್ನು ಪಾದೋದಕವೆಂದು ಬಾಯಿಗೆ ಹಾಕಿಕೊಂಡು, ಲಿಂಗವನ್ನು ಮತ್ತೆ ಎದೆಯ ಮೇಲೆ ಇಳಿಬಿಟ್ಟು, ಆನಂತರವೇ ಒಂದು ಗುಟುಕು ಚಹಾ. ಪೂಜೆಯಾಗದೆ ನೀರನ್ನೂ ಕುಡಿಯುವುದಿಲ್ಲ. ನನಗೂ ಚಿಕ್ಕಂದಿನಲ್ಲಿ ಕಟ್ಟಿದ್ದರು. ನಾಸಿಕದ ಹಾಸ್ಟೆಲಿನಲ್ಲಿ ಹುಡುಗರು ದಾರ ಎಳೆದು ತಮಾಷೆ ಮಾಡಿದರೆಂದು ತೆಗೆದಿಟ್ಟೆ. ಎಲ್ಲಿಟ್ಟೀಯೋ ಎಂದು ಅವ್ವ ಕೇಳಿದಾಗಲೆಲ್ಲ "ಅದ ಬಿಡವ್ವ" ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಟೀಮ್ ಲೀಡರ್ ಒಂದು ಮೇಲ್ಮನವಿಯ ಪ್ರತಿ ಹಿಡಿದು ನನ್ನ ಕುರ್ಚಿಯ ಬಳಿ ಬಂದರು. ನಾಸಿಕದವರೇ, ಒಳ್ಳೆಯ ಮನುಷ್ಯ, ಕೆಲಸದ ಭಾರದಲ್ಲಿ ಅರ್ಧ ಕೂದಲು ಕಳೆದುಕೊಂಡವರು.

"ನೀನು ಬೀದರ್ ಕಡೆಯವನಲ್ಲವೇ, ಇವಳ ಹುಟ್ಟೂರೂ ಆ ಕಡೆಯೇ. ಇದೇನು ನೋಡು," ಎಂದು ಮರಾಠಿಯಲ್ಲಿ ಹೇಳಿದರು. "ಕೈಯಲ್ಲಿ ಚೀಟಿ ಇರಲಿಲ್ಲ, ಶಿವಲಿಂಗ ಇತ್ತು ಅಂತ ಬರೆದಿದ್ದಾಳೆ. ಶಿವಲಿಂಗ ವೇರೂಳ್‌ನ ಗುಡಿಯಲ್ಲಿ ಇದೆ, ತ್ರ್ಯಂಬಕೇಶ್ವರದಲ್ಲಿ ಇದೆ. ಅಂಗೈಯಲ್ಲಿ ಹೇಗಪ್ಪಾ?"

ಮನವಿ ಸಂಭಾಜಿನಗರದ, ಅಂದರೆ ಹಿಂದಿನ ಔರಂಗಾಬಾದಿನ, ಒಬ್ಬ ಹೆಂಗಸಿನದು. ಮರಾಠಿಯಲ್ಲಿತ್ತು. ಅರ್ಜಿಯ ಚೌಕದಲ್ಲಿ ಇಂತಿಷ್ಟೇ ಅಕ್ಷರ ಹಿಡಿಸುವುದರಿಂದ ಕೊನೆಯ ವಾಕ್ಯ ನಡುವೆಯೇ ನಿಂತಿತ್ತು. ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದಾರೆ. ಅನುಕಂಪದ ನೌಕರಿಯ ಪಟ್ಟಿಯಲ್ಲಿ ತನ್ನ ಸರದಿ ಬಂದಿದೆ. ಪದವಿ ಇದ್ದರೆ ಗುಮಾಸ್ತೆಯ ಹುದ್ದೆ, ಇಲ್ಲದಿದ್ದರೆ ಸಿಪಾಯಿ, ಎಂದರೆ ಕಚೇರಿಯ ಜವಾನ. ಇದೊಂದೇ ಪತ್ರಿಕೆ ಬಾಕಿ ಇತ್ತು, ಅದೇ ರದ್ದಾಗಿದೆ. ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ಕೊಡಬೇಕು, ವಯಸ್ಸಿನ ಮಿತಿ ದಾಟುವುದರಿಂದ ಮುಂದಿನ ಸರದಿ ಇಲ್ಲ. ಇದು ಅವರ ಎರಡನೆಯ ಮನವಿ. ಮೊದಲನೆಯದನ್ನು ಪುರಾವೆ ಲಗತ್ತಿಸಿಲ್ಲ ಎಂದು ವ್ಯವಸ್ಥೆ ತಾನಾಗಿಯೇ ತಿರಸ್ಕರಿಸಿತ್ತು.

ನಾನು ಆ ಸಂಖ್ಯೆ ಹಾಕಿ ದಾಖಲೆ ತೆರೆದೆ. ವಿಡಿಯೋ ಇರಲಿಲ್ಲ. ಜಾಗ ತಿನ್ನುತ್ತದೆಂದು ಕೆಲವು ವಾರಗಳ ನಂತರ ಎಲ್ಲ ವಿಡಿಯೋ ಅಳಿಸಿಬಿಡುತ್ತಿದ್ದರು, ಮೊದಲ ಮನವಿ ತಿರಸ್ಕಾರವಾಗಿ ಎರಡನೆಯದು ಬರುವಷ್ಟರಲ್ಲಿ ಆ ಅವಧಿ ಮುಗಿದಿತ್ತು. ಉಳಿದಿದ್ದವು ಗುರುತು ಬಿದ್ದ ಕ್ಷಣಗಳ ನಾಲ್ಕು ಸ್ಥಿರಚಿತ್ರ. ಮೊದಲನೆಯದರಲ್ಲಿ ಹಣೆಗೆ ವಿಭೂತಿ ಹಚ್ಚಿದ ಒಬ್ಬ ಹೆಂಗಸು ಎಡ ಅಂಗೈಯನ್ನು ಮುಖದ ಮುಂದೆ ಎತ್ತಿ ಹಿಡಿದಿದ್ದಾರೆ, ಅಂಗೈಯಲ್ಲಿ ಕಪ್ಪಗೆ ಏನೋ ಇದೆ. ಎರಡನೆಯದರಲ್ಲಿ ತುಟಿ ತೆರೆದಿದೆ. ಮೂರನೆಯದರಲ್ಲಿ ಬಲಗೈ ಬಾಯಿಯ ಬಳಿ ಇದೆ. ನಾಲ್ಕನೆಯದರಲ್ಲಿ ಕೈ ಸೆರಗಿನ ಒಳಗೆ ಹೋಗುತ್ತಿದೆ.

ನೋಡಿದ ಕೂಡಲೇ ನನಗೆ ಅವ್ವ ಕಂಡಳು. ಕೆಳಗೆ ಪರಿಶೀಲಕರ ಸಂಖ್ಯೆ ಇತ್ತು, ಅದು ನನ್ನದು. ಕಾರಣದ ಕಡೆ ನಾನೇ ಆರಿಸಿದ್ದ ಸಾಲು: 'ಚಿಕ್ಕ ಉಪಕರಣ ಅಥವಾ ಚೀಟಿ, ಬಳಸಿ ಅಡಗಿಸಿದ್ದಾರೆ.' ನೋಡಲು ತೆಗೆದುಕೊಂಡ ಸಮಯ: ಹನ್ನೊಂದು ಸೆಕೆಂಡು.

ಆ ತುಣುಕು ನೋಡಿದ್ದು ನನಗೆ ನೆನಪೇ ಇಲ್ಲ. ನೆನಪಿದ್ದರೆ ಒಂದು ರೀತಿ ಸಮಾಧಾನವಾಗುತ್ತಿತ್ತೇನೋ. ನೆಟ್‌ವರ್ಕ್ ಸರಿಯಿಲ್ಲದ ಕಡೆಯಿಂದ ಬರುವ ವಿಡಿಯೋ ಮೊದಲೇ ಕುಪ್ಪಳಿಸುತ್ತಿರುತ್ತದೆ, ಅದರ ಮೇಲೆ ನಾಲ್ಕು ಪಟ್ಟು ವೇಗ. ಕೈ ಮೇಲೆ ಹೋಯಿತು, ತುಟಿ ಆಡಿತು, ಏನೋ ಬಾಯಿಗೆ ಹೋಯಿತು, ಏನೋ ಎದೆಯೊಳಗೆ ಸೇರಿತು. ಅಂಥ ನೂರು ನಕಲುಗಳನ್ನು ಹಿಡಿದವನಿಗೆ ಇನ್ನೇನು ಕಾಣಬೇಕು? ಸಾಧಾರಣ ವೇಗದಲ್ಲಿ ಒಂದು ಸಲ ನೋಡಿದ್ದರೆ ಆ ಇಡೀ ಆಫೀಸಿನಲ್ಲಿ ಅದು ಏನೆಂದು ತಿಳಿಯುತ್ತಿದ್ದವನು ನಾನೊಬ್ಬನೇ. ಸರದಿಯಲ್ಲಿ ಅದು ಬಂದದ್ದೂ ನನ್ನ ಬಳಿಗೇ.

ಟೀಮ್ ಲೀಡರ್‌ಗೆ ಇಷ್ಟಲಿಂಗದ ವಿಷಯ ವಿವರಿಸಿದೆ. ಕೆಂಪು ಒತ್ತಿದವನು ನಾನೆಂಬುದನ್ನೂ ತೋರಿಸಿದೆ. ಅವರು, "ಆಯಿತು, ತಪ್ಪು ಎಲ್ಲರಿಂದಲೂ ಆಗುತ್ತದೆ. ಆದರೆ ಮೇಲ್ಮನವಿ ಸಮಿತಿಗೆ ಪುರಾವೆ ಬೇಕು. ಅದೇ ಜಾಗದಲ್ಲಿ ಕುಳಿತು, ಅದೇ ವಸ್ತುವನ್ನು ಕ್ಯಾಮೆರಾಕ್ಕೆ ಹತ್ತಿರದಿಂದ ತೋರಿಸಿ ಒಂದು ವಿಡಿಯೋ ಕಳಿಸಲಿ. ಸ್ಥಿರಚಿತ್ರದ ಜೊತೆ ಹೋಲಿಸಿ ಕೆಂಪು ತೆಗೆಸೋಣ," ಎಂದರು. ದಾರಿ ಸುಲಭವಾಗಿಯೇ ಕಂಡಿತು. ವಿಡಿಯೋ ಸರಿಯಾಗಿ ಬರಲೇಬೇಕು, ಇನ್ನೊಂದು ಸಲ ತಿರಸ್ಕಾರವಾಗಬಾರದು ಎಂದು ನಾನೇ ಹೋಗಿ ತೆಗೆದು ತರುತ್ತೇನೆಂದೆ. ರಜೆ ಹಾಕಿ ಹೋಗು ಎಂದರು.

ಫೋನು ಮಾಡಿದಾಗ ಆ ಹೆಂಗಸು ಮರಾಠಿಯಲ್ಲೇ ಮಾತಾಡಿದರು. ನಾನು ಕನ್ನಡಕ್ಕೆ ಹೊರಳಿದ ಕೂಡಲೇ ಅವರೂ ಕನ್ನಡದಲ್ಲೇ, "ಪರೀಕ್ಷಾ ಆಫೀಸಿನ್ಯಾಗ ನಮ್ಮ ಮಂದಿ ಅದಾರೇನ್ರಿ?" ಎಂದರು. ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಸ್ ಹತ್ತಿದೆ. ಯೇವಲಾ ದಾಟಿ, ವೈಜಾಪುರ ದಾಟಿ, ಸಂಭಾಜಿನಗರ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮುಕುಂದವಾಡಿಯ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಲ್ಲಿ ನೀಲಿ ಡ್ರಮ್ಮುಗಳ ಸಾಲು. ಆಕೆ ಬೀದರ್ ಜಿಲ್ಲೆಯದೇ ಭಾಲ್ಕಿ ತಾಲೂಕಿನವರು, ಮದುವೆಯಾಗಿ ಬಂದು ಇಪ್ಪತ್ತು ವರ್ಷ. ಜೊತೆಗೆ ಹನ್ನೊಂದನೇ ತರಗತಿ ಓದುವ ಮಗಳು, ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರಿಸುವವಳು.

ಪರೀಕ್ಷೆಗೆ ಕುಳಿತ ಜಾಗ ತೋರಿಸಿದರು. ಗೋಡೆಗೆ ಆನಿಸಿದ ಕಬ್ಬಿಣದ ಕುರ್ಚಿ, ಎದುರಿಗೆ ಹೊಲಿಗೆ ಯಂತ್ರದ ಮೇಲೆ ಉಕ್ಕಿನ ಡಬ್ಬಿ, ಡಬ್ಬಿಗೆ ಒರಗಿಸಿ ರಬ್ಬರ್ ಬ್ಯಾಂಡ್ ಹಾಕಿದ ಮೊಬೈಲು. ಕ್ಯಾಮೆರಾ ಅಲ್ಲಾಡಬಾರದೆಂದು ಹಿಂದಿನ ದಿನ ಮಗಳು ಮೂರು ಸಲ ಅಳತೆ ನೋಡಿ ಕಟ್ಟಿದ್ದಳಂತೆ.

"ಅವತ್ತ ಏನಾಯ್ತು, ಮೊದಲಿಂದ ಹೇಳ್ರಿ ಅಕ್ಕೋರೆ," ಎಂದೆ.

"ನಮ್ಮ ಗಲ್ಲಿಗಿ ಎಂಟ್ ದಿನಕ್ಕೊಮ್ಮಿ ನಳ ಬರ್ತದ್ರಿ. ಅವತ್ತೇ ಬಂತು. ನಸುಕಿನ್ಯಾಗ ಎದ್ದು ನೀರು ತುಂಬಿದೆ. ತುಂಬಲಿಲ್ಲಂದ್ರ ಮತ್ತ ಎಂಟ್ ದಿನ ಏನ್ ಮಾಡ್ಲಿ? ಜಳಕ ಮುಗಿಸೋದ್ರಾಗ ಟೈಮ್ ಆಗಿತ್ತು. ಪೂಜಿ ಮಾಡಿ ಕುಂಡ್ರಬೇಕಂದ್ರ ಮೆಸೇಜ್ ಬಂತು, ಒಂದ್ ತಾಸು ಮೊದಲೇ ಕ್ಯಾಮೆರಾ ಮುಂದ ಕುಂಡ್ರಬೇಕು, ಮುಖ ಹೊರಗ ಹೋದ್ರ ಪರೀಕ್ಷಾ ಬಂದ್ ಅಂತ. ಕುಂತೆ. ಮೊಬೈಲಿನ್ಯಾಗ ಆ ಗಾಲಿ ತಿರಗತಾ ತಿರಗತಾ ಪ್ರಶ್ನಿಪತ್ರಿಕೆ ತೆರೀಲಿಕ್ಕ ಹತ್ತ ಗಂಟಿ ಆಯ್ತು."

"ನೀರು ಸೈತ ಕುಡಿದಿರಲಿಲ್ಲೇನ್ರಿ?"

"ಪೂಜಿ ಆಗಿಲ್ಲಲ್ರಿ, ಹ್ಯಾಂಗ ಕುಡೀಲಿ? ನಾಕು ಪ್ರಶ್ನಿ ಬರದೆ. ಕಣ್ಣಿಗಿ ಕತ್ತಲಿ ಬಂತು, ಕೈ ನಡುಗಲಕತ್ತವು. ಎದ್ದು ಹೋಗಂಗಿಲ್ಲ. ಅಲ್ಲೇ ಕುಂತು ಒಂದ್ ನಿಮಿಷ ಪೂಜಿ ಮಾಡ್ಕೊಂಡು ನೀರು ಕುಡ್ದು ಮತ್ತ ಬರದೆ. ಛಲೋ ಬರ್ದಿದ್ದೆರಿ. ಎಲ್ಲಾ ಗೊತ್ತಿದ್ದದ್ದೇ ಬಂದಿತ್ತು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು.

ಮೊಬೈಲನ್ನು ಅದೇ ಡಬ್ಬಿಗೆ ಒರಗಿಸಿ, ಸ್ಥಿರಚಿತ್ರದ ಜೊತೆ ಕೋನ ಹೊಂದಿಸಿದೆ. ಕುರ್ಚಿಯ ಕಾಲು ಎಲ್ಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬೆಳಕು ಅಂದಿನಂತೆಯೇ ಎಡಗಡೆಯ ಕಿಟಕಿಯಿಂದ ಬೀಳುವಂತೆ ಬಾಗಿಲು ಮುಚ್ಚಿಸಿದೆ. ನನ್ನ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ತಿದ್ದುತ್ತಿದ್ದೇನೆಂಬ ಹುಮ್ಮಸ್ಸಿನಲ್ಲಿ, "ಈಗ ಲಿಂಗ ತಗದು ಅಂಗೈಯಾಗ ಇಟ್ಕೊಂಡು ಕ್ಯಾಮೆರಾದ ಹತ್ತಿರ ಹಿಡೀರಿ," ಎಂದೆ.

ಆಕೆ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡರು.

"ಅದು ಆಗಲ್ರಿ," ಎಂದರು. "ಅದು ಮಂದಿಗಿ ತೋರ್ಸೋದಲ್ಲ. ಪೂಜಿಗಿ ಕೈಯಾಗ ತಗೋಬೇಕು, ಪೂಜಿ ಆದ ಮ್ಯಾಲ ಎದಿ ಮ್ಯಾಲ ಇರಬೇಕು. ಇದು ನೋಡ್ರಿ, ಇದು ನೋಡ್ರಿ ಅಂತ ಸಾಕ್ಷಿ ಹೇಳಲಕ್ಕ ಹಿಡಿಯೋದಲ್ಲ."

"ಅವತ್ತೂ ಕ್ಯಾಮೆರಾ ಇತ್ತಲ್ರಿ?"

"ಅವತ್ತ ನಾ ಪೂಜಿ ಮಾಡೀನಿ, ತೋರ್ಸಿಲ್ಲ. ನೀವು ನೋಡೀರಿ. ಅದು ಬ್ಯಾರೆ, ಇದು ಬ್ಯಾರೆ."

ಮಗಳಿಗೆ ಸಿಟ್ಟು ಬಂತು. "ಆಯಿ, ದಾಖವ ನಾ!" ಎಂದಳು. ತೋರಿಸಿಬಿಟ್ಟರೆ ಒಂದು ನಿಮಿಷದ ಕೆಲಸ, ಇದಕ್ಕಾಗಿ ಇಷ್ಟು ವರ್ಷ ಓದಿದ್ದು ನೀರಿಗೆ ಹಾಕುತ್ತೀಯಾ ಎಂದು ಮರಾಠಿಯಲ್ಲಿ ಅರಚಿದಳು. ತಾಯಿ ಅವಳ ಕಡೆ ತಿರುಗಿ, "ನಿಮ್ಮಪ್ಪ ಹ್ವಾದಾಗಿಂದ ಅದೊಂದೇ ನನ್ನ ಜೋಡಿ ಅದ. ಅದನ್ನ ಕಟಕಟ್ಯಾಗ ನಿಲ್ಲಿಸಿ ನೌಕ್ರಿ ತಗೋಳ್ಳೇನು?" ಎಂದರು. ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೂ ಸಿಟ್ಟು ಬಂದಿತ್ತು. ಐದು ತಾಸು ಬಸ್ಸಿನಲ್ಲಿ ಕುಳಿತು ಬಂದಿದ್ದೇನೆ, ಈ ಹೆಂಗಸಿಗೆ ತನ್ನ ಒಳ್ಳೆಯದು ತಿಳಿಯಬಾರದೇ ಎಂದುಕೊಂಡೆ. ಆಮೇಲೆ ಸೀಮೆಸುಣ್ಣದ ಗುರುತು ಕಣ್ಣಿಗೆ ಬಿತ್ತು. ಪುರಾವೆ ತರುವ ಕೆಲಸವನ್ನು ಆಕೆಯ ಹೆಗಲಿಗೆ ಹೊರಿಸಿ ನಾನು ಉಪಕಾರಿಯ ವೇಷದಲ್ಲಿ ಕುಳಿತಿದ್ದೆ. ನೋಡಿದವನು ನಾನು. ಸಾಕ್ಷಿ ಹೇಳಬೇಕಾದವನೂ ನಾನೇ.

"ಅಕ್ಕೋರೆ, ಆ ಕೆಂಪು ಗುರ್ತು ಹಾಕಿದ್ದು ನಾನೇ," ಎಂದೆ.

ಆಕೆ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಮನ್ಯಾಗ ಲಿಂಗ ಇಲ್ಲೇನ್ರಿ?" ಎಂದು ಕೇಳಿದರು.

"ಅವ್ವನ ಕೊಳ್ಳಾಗ ಅದ್ರಿ."

"ನಿಮಗ?"

"ತಗದಿಟ್ಟೀನ್ರಿ."

"ಹೌದಾ," ಎಂದು ಎದ್ದು ಮೂಲೆಯ ಒಲೆಯ ಮೇಲೆ ಚಹಾ ಮಾಡಿ ಕೊಟ್ಟರು. ಆ ಚಹಾ ಕುಡಿಯುವುದು ನನಗೆ ಕಷ್ಟವಾಯಿತು, ಕುಡಿದೆ. ಹೊರಡುವಾಗ ಬಾಗಿಲವರೆಗೆ ಬಂದು, "ನೋಡ್ರಿ, ನಂಗ ಸಿಪಾಯಿ ಕೆಲಸ ಕೀಳಂತ ಅನಿಸಲ್ಲ. ಆದ್ರ ಅದು ನಮ್ಮ ಮನಿಯವ್ರು ಕುಂಡ್ರತಿದ್ದ ಆಫೀಸು. ಅವ್ರ ಟೇಬಲಿಗೇ ನಾ ಚಹಾ ಒಯ್ದು ಇಡಬೇಕಾಗ್ತದ. ಅದಕ್ಕ ಓದಿದ್ದೆ," ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಪತ್ರದ ಕರಡು ಬರೆದೆ. ಈ ತುಣುಕನ್ನು ನಾಲ್ಕು ಪಟ್ಟು ವೇಗದಲ್ಲಿ, ಧ್ವನಿಯಿಲ್ಲದೆ, ಹನ್ನೊಂದು ಸೆಕೆಂಡು ನೋಡಿ ಕೆಂಪು ಒತ್ತಿದ್ದೇನೆ. ಚಿತ್ರದಲ್ಲಿರುವುದು ಇಷ್ಟಲಿಂಗ ಪೂಜೆ. ಅದು ನನ್ನ ಮನೆಯ ಪೂಜೆಯೂ ಹೌದು, ಸ್ಥಿರಚಿತ್ರಗಳ ಕ್ರಮದಿಂದಲೇ ನಾನು ಖಚಿತವಾಗಿ ಹೇಳಬಲ್ಲೆ. ತಪ್ಪು ಅಭ್ಯರ್ಥಿಯದಲ್ಲ, ನನ್ನದು. ಜೊತೆಗೆ ವ್ಯವಸ್ಥೆಯ ದಾಖಲೆಯನ್ನೂ ಲಗತ್ತಿಸಿದೆ. ತೆರೆದ ಹೊತ್ತು, ಮುಚ್ಚಿದ ಹೊತ್ತು, ಓಡಿಸಿದ ವೇಗ, ಧ್ವನಿ ಬಂದ್, ಎಲ್ಲವೂ ಅದರಲ್ಲಿತ್ತು.

ಟೀಮ್ ಲೀಡರ್ ಪತ್ರ ಓದಿ ಕನ್ನಡಕ ತೆಗೆದರು. "ಪತ್ರ ಇರಲಿ, ದಾಖಲೆ ತೆಗೆದುಬಿಡು. ನಿನ್ನದೊಂದು ತಪ್ಪೆಂದರೆ ಕ್ಷಮಿಸುತ್ತಾರೆ. ಹನ್ನೊಂದು ಸೆಕೆಂಡು ಎಂಬುದು ಹೊರಗೆ ಹೋದರೆ ನಾವು ಒತ್ತಿದ ಕೆಂಪನ್ನೆಲ್ಲ ಮತ್ತೆ ನೋಡು ಅಂತಾರೆ. ಆಗ ಈ ಸಾಲಿನಲ್ಲಿ ಯಾರು ಉಳಿಯುತ್ತಾರೆ ಹೇಳು," ಎಂದರು. ನನ್ನ ಪಕ್ಕದ ಕುರ್ಚಿಗಳಲ್ಲಿ ಕುಳಿತವರೆಲ್ಲ ಪರದೆಯ ಕಡೆ ಮುಖ ಮಾಡಿಕೊಂಡಿದ್ದರು, ಕಿವಿ ಮಾತ್ರ ಇಲ್ಲಿತ್ತು. ಅವರಲ್ಲಿ ಅರ್ಧ ಜನರಿಗೆ ಆ ವೇಗ ಕಲಿಸಿದವನು ನಾನೇ. ದಾಖಲೆ ತೆಗೆದರೆ ನನ್ನ ಪತ್ರ ಒಬ್ಬ ಬೀದರಿನವನು ಇನ್ನೊಬ್ಬ ಬೀದರಿನವಳ ಪರ ಬರೆದ ಶಿಫಾರಸಿನಂತೆ ಕಾಣುತ್ತದೆಂದು ನನಗೆ ಗೊತ್ತಿತ್ತು. ತೆಗೆಯಲಿಲ್ಲ. ಅಂದೇ ಕಳಿಸಿದೆ.

ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನ ಇದ್ದವು. ದಿನಾ ಸಂಜೆ ಆಕೆ ಫೋನು ಮಾಡಿ, "ಏನಾರ ಬಂತೇನ್ರಿ?" ಎನ್ನುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಅವರು ಗಂಡನ ಕಚೇರಿಗೆ ಹೋಗಿ ಎರಡು ವಾರದ ಅವಕಾಶ ಕೇಳಿದರಂತೆ, ಪಟ್ಟಿ ನಿಲ್ಲುವುದಿಲ್ಲ ಎಂದರಂತೆ. ಸಮಿತಿಯ ಉತ್ತರ ಬಂದಾಗ ಹೊಸ ತಿಂಗಳು ಶುರುವಾಗಿ ನಾಲ್ಕು ದಿನವಾಗಿತ್ತು. ವಿಡಿಯೋ ಲಭ್ಯವಿಲ್ಲದ ಕಾರಣ ಉತ್ತರಪತ್ರಿಕೆಯನ್ನು ಮಾನ್ಯ ಮಾಡಲು ಬರುವುದಿಲ್ಲ. ಪರಿಶೀಲಕರ ಹೇಳಿಕೆಯನ್ನು ಗಮನಿಸಿ ನಕಲಿನ ಆರೋಪ ಕೈಬಿಡಲಾಗಿದೆ. ಅಭ್ಯರ್ಥಿ ಮುಂದಿನ ಸಲ ಈ ಪತ್ರಿಕೆ ಮತ್ತೆ ಬರೆಯಬಹುದು.

ಆಕೆ ಆ ವಾರವೇ ಸಿಪಾಯಿಯಾಗಿ ಸೇರಿಕೊಂಡರು. ಅದನ್ನು ಫೋನಿನಲ್ಲಿ ಹೇಳಿದವಳು ಮಗಳು, ಮರಾಠಿಯಲ್ಲಿ, ಎರಡೇ ಮಾತಿನಲ್ಲಿ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪರಿಶೀಲನೆಯ ಸಾಲಿನಿಂದ ಎಬ್ಬಿಸಿ, ಅಭ್ಯರ್ಥಿಗಳಿಗೆ ಸೂಚನೆಗಳ ಮೆಸೇಜ್ ಕಳಿಸುವ ವಿಭಾಗಕ್ಕೆ ಹಾಕಿದರು. ಹಳೆಯ ಕೆಂಪುಗಳನ್ನು ಯಾರೂ ಮತ್ತೆ ತೆರೆಯಲಿಲ್ಲ. ನನ್ನ ಪತ್ರದಿಂದ ಆದ ಬದಲಾವಣೆ ಒಂದೇ. ಹೊಸ ಸೂಚನೆಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿತು: ಪರೀಕ್ಷೆಯ ವೇಳೆ ಕೊರಳಿನಲ್ಲಾಗಲಿ ಕೈಯಲ್ಲಾಗಲಿ ದಾರ, ತಾಯತ ಅಥವಾ ಯಾವುದೇ ಧಾರ್ಮಿಕ ವಸ್ತು ಇರಬಾರದು. ಇದು ಬೇಡ, ಇದಕ್ಕಾಗಿ ನಾನು ಬರೆದದ್ದಲ್ಲ ಎಂದು ಟೀಮ್ ಲೀಡರ್ ಬಳಿ ಹೋಗಿ ಜಗಳಾಡಿದೆ. "ನಿನ್ನ ದೂರಿಗೆ ಮೇಲಿನವರು ಕಂಡುಕೊಂಡ ಪರಿಹಾರ ಇದು. ಇನ್ನು ಯಾರಿಗೂ ಸಂಶಯಕ್ಕೆ ಜಾಗ ಇಲ್ಲ," ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಮೆಸೇಜನ್ನು ಎಲ್ಲ ಅಭ್ಯರ್ಥಿಗಳಿಗೂ ಕಳಿಸುವ ಬಟನ್ ಈಗ ನನ್ನ ಪರದೆಯ ಮೇಲಿತ್ತು. ಒತ್ತಿದೆ.

ಆ ಸಂಜೆಯೇ ಆಕೆಯ ಫೋನು ಬಂತು.

"ಅಣ್ಣೋರೆ, ಪದವಿ ಇದ್ರ ಮುಂದ ಬಡ್ತಿಗಾದ್ರೂ ಆಗ್ತದಂತ ಆ ಪತ್ರಿಕಿಗಿ ಮತ್ತ ಕುಂಡ್ರಲಿಕತ್ತೀನಿ. ಮೆಸೇಜ್ ಓದಿದೆ. ಇದು ನಮಗೂ ಲಾಗೂ ಆಗ್ತದೇನ್ರಿ?"

"ಬಟ್ಟಿ ಒಳಗ ಇದ್ರ ಯಾರಿಗೂ ಕಾಣಲ್ರಿ ಅಕ್ಕೋರೆ. ಪೂಜಿ ಮೊದಲೇ ಮುಗಿಸಿ, ಹಾಕ್ಕೊಂಡೇ ಕುಂಡ್ರಿ."

"ನಡುವ ಕೈ ಅಲ್ಲಿಗಿ ಹೋದ್ರ? ಬರಿವಾಗ ನನ್ನ ಕೈ ತಾನೇ ಹೋಗ್ತದ್ರಿ, ನಂಗ ಗೊತ್ತಾಗಲ್ಲ." ಆಮೇಲೆ ಕೇಳಿದರು, "ಈ ಸಲ ನೋಡಾವ್ರು ನೀವೇ ಏನ್ರಿ?"

"ಅಲ್ರಿ. ನನ್ನ ಅಲ್ಲಿಂದ ತಗದಾರ."

"ಹಂಗಾದ್ರ ತಗದಿಟ್ಟೇ ಕುಂಡ್ರತೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕಚೇರಿಯಲ್ಲಿ ಇಡೀ ದಿನ ಓಡಾಡಿದ ದಣಿವಿತ್ತು. ಫೋನು ಇಡುತ್ತಾರೆಂದುಕೊಂಡೆ, ಇಡಲಿಲ್ಲ. "ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಪೂಜಿ ಹೊತ್ತು ಬಿಟ್ರ ನಾ ಹುಟ್ಟಿದಾಗಿಂದ ಎಂದೂ ಮೈ ಮ್ಯಾಲಿಂದ ತಗದಿಲ್ಲ. ತಗದ ಮ್ಯಾಲ ಎಲ್ಲಿ ಇಡಬೇಕಂತ ಗೊತ್ತಿಲ್ಲ. ನೀವು ನಿಮ್ಮದು ಎಲ್ಲಿ ಇಟ್ಟೀರಿ?"

ನನಗೆ ನೆನಪಿರಲಿಲ್ಲ. ಅದನ್ನೇ ಹೇಳಿದೆ.